ಕಾರ್ಖಾನೆಯಲ್ಲಿ ಸುರಕ್ಷತಾ ಆಡಿಟ್ ಮಾಡುವುದು ಹೇಗೆ: ಫೈಲಿನಿಂದ ಶಾಪ್ ಫ್ಲೋರ್‌ವರೆಗೆ

ಪೀಣ್ಯದ ಒಂದು ಪ್ರೆಸ್ ಶಾಪ್. 63 ಟನ್ ಪ್ರೆಸ್ಸಿಗೆ ಎರಡು ಹಸಿರು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರದ ಭಾಗ, ಅಂದರೆ ರ‍್ಯಾಮ್ ಕೆಳಗೆ ಬರಬೇಕು. ಕೈ ಬಟನ್ ಮೇಲಿದ್ದರೆ ಡೈ (ಶೀಟಿಗೆ ಆಕಾರ ಕೊಡುವ ಅಚ್ಚು) ಒಳಗೆ ಇರುವುದಿಲ್ಲ, ಅಷ್ಟೇ ಲೆಕ್ಕ. ಆದರೆ ಬಲಗಡೆ ಬಟನ್‌ನ ಸಂದಿಗೆ ಯಾರೋ ಒಂದು ಬೆಂಕಿಕಡ್ಡಿ ತುರುಕಿದ್ದರು. ಬಟನ್ ಸದಾ ಒತ್ತಿದ ಹಾಗೇ ಕೂತಿತ್ತು. ಆಪರೇಟರ್ ಎಡಗೈಯಲ್ಲಿ ಬಟನ್ ಒತ್ತುತ್ತಾ ಬಲಗೈಯಲ್ಲಿ ಪೀಸ್ ಇಡುತ್ತಿದ್ದರು.

ಆಫೀಸಿನಲ್ಲಿ ಮೂರು ತಿಂಗಳ ಹಿಂದಿನ ಚೆಕ್‌ಲಿಸ್ಟ್ ತೋರಿಸಿದರು. "ಟೂ ಹ್ಯಾಂಡ್ ಕಂಟ್ರೋಲ್: ಇದೆ." ಪಕ್ಕದಲ್ಲಿ ಟಿಕ್. ಅದು ಸುಳ್ಳೇನಲ್ಲ. ಇತ್ತಲ್ಲ!

ನನ್ನ ಪ್ರಕಾರ ಆಡಿಟ್ ಅಂದರೆ ಈ ಅಂತರ ಅಳೆಯುವ ಕೆಲಸ. ಪ್ರತಿ ಜಾಗದಲ್ಲೂ ಎರಡು ಕಾರ್ಖಾನೆ ಇರುತ್ತವೆ. ಒಂದು ಫೈಲಿನಲ್ಲಿ, ಇನ್ನೊಂದು ನೆಲದ ಮೇಲೆ. ನೂರಿನ್ನೂರು ಜನ ಕೆಲಸ ಮಾಡುವ ಒಂದು ಮಧ್ಯಮ ಗಾತ್ರದ ಯೂನಿಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಪ್ರೆಸ್, ವೆಲ್ಡಿಂಗ್, ಪೇಂಟ್ ಬೂತ್, ಹಿಂದುಗಡೆ ಒಂದು ಇಟಿಪಿ, ಅಂದರೆ ಕೊಳಕು ನೀರು ಶುದ್ಧ ಮಾಡುವ ಘಟಕ. ಬೊಮ್ಮಸಂದ್ರ, ಜಿಗಣಿ, ಹುಬ್ಬಳ್ಳಿಯ ತಾರಿಹಾಳ, ಬೆಳಗಾವಿಯ ಉದ್ಯಮಬಾಗ್, ಎಲ್ಲಿ ಹೋದರೂ ಇಂಥವು ಸಿಗುತ್ತವೆ.

ಶುರುಮಾಡುವ ಮೊದಲು: ಯಾವ ಆಡಿಟ್, ಯಾರು ಮಾಡುವುದು?

ದಿನಾ ಸೂಪರ್‌ವೈಸರ್ ಒಂದು ಸುತ್ತು ಹಾಕಿ ಬರುವುದು ಇನ್‌ಸ್ಪೆಕ್ಷನ್. ಅದರಲ್ಲಿ ಮಷೀನಿನ ಅಪಾಯದ ಭಾಗಕ್ಕೆ ಗಾರ್ಡ್ ಇದೆಯಾ ಅಂತ ನೋಡುತ್ತೀರಿ. ಗಾರ್ಡ್ ಬಿಚ್ಚಿದರೆ ಅದು ಯಾರಿಗೆ ಗೊತ್ತಾಗುತ್ತದೆ, ಯಾರು ವಾಪಸ್ ಹಾಕಿಸುತ್ತಾರೆ, ಹೋದ ಸಲ ಯಾಕೆ ಹಾಕಿಸಲಿಲ್ಲ ಅಂತ ಕೇಳುವುದು ಆಡಿಟ್. ಒಂದರಲ್ಲಿ ವಸ್ತು ನೋಡುತ್ತೀರಿ, ಇನ್ನೊಂದರಲ್ಲಿ ವ್ಯವಸ್ಥೆ.

ಭಾರತದಲ್ಲಿ ಇದಕ್ಕೊಂದು ಮಾನದಂಡವೇ ಇದೆ: ಐಎಸ್ 14489. 1998ರಲ್ಲಿ ಬಂತು, 2018ರಲ್ಲಿ ಪರಿಷ್ಕರಣೆ ಆಯಿತು. ಯಾವ ಯಾವ ದಾಖಲೆ ನೋಡಬೇಕು, ಏನೇನು ಪ್ರಶ್ನೆ ಕೇಳಬೇಕು ಅಂತ ಉದ್ದ ಪಟ್ಟಿಯೇ ಅದರಲ್ಲಿದೆ. ಅದನ್ನು ಇಟ್ಟುಕೊಂಡೇ ನಿಮ್ಮ ಚೆಕ್‌ಲಿಸ್ಟ್ ಮಾಡಿಕೊಳ್ಳಿ. ಬೇರೆ ಕಂಪನಿಯದ್ದನ್ನು ಕಾಪಿ ಹೊಡೆಯಬೇಡಿ. ಬಾಯ್ಲರೇ ಇಲ್ಲದ ಯೂನಿಟ್‌ನ ರಿಪೋರ್ಟಿನಲ್ಲಿ "ಬಾಯ್ಲರ್ ತೃಪ್ತಿಕರ" ಅಂತ ಬರೆದಿದ್ದನ್ನು ನಾನೇ ಓದಿದ್ದೇನೆ.

ಕಾನೂನಿನ ಕಡೆ ಒಂದು ಬದಲಾವಣೆ ಗಮನದಲ್ಲಿರಲಿ. 1948ರ ಕಾರ್ಖಾನೆಗಳ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಹಳೇ ಕಾಯ್ದೆಯಲ್ಲಿ 1000 ಕಾರ್ಮಿಕರಿದ್ದರೆ ಸೇಫ್ಟಿ ಆಫೀಸರ್ ಕಡ್ಡಾಯವಾಗಿತ್ತು. ಈಗ 500ಕ್ಕೇ ಬೇಕು, ಅಪಾಯಕಾರಿ ಪ್ರಕ್ರಿಯೆ ಇದ್ದರೆ 250ಕ್ಕೇ ಬೇಕು. ದೊಡ್ಡ ಪ್ರಮಾಣದಲ್ಲಿ ಅಪಾಯಕಾರಿ ರಾಸಾಯನಿಕ ಇಡುವ ಘಟಕಗಳಿಗೆ 1989ರ ನಿಯಮ ಬೇರೆ ಇದೆ. ಅಲ್ಲಿ ಘಟಕಕ್ಕೆ ಸಂಬಂಧವೇ ಇಲ್ಲದ ಪರಿಣತರ ಸಹಾಯದಿಂದ ಸ್ವತಂತ್ರ ಆಡಿಟ್ ಮಾಡಿಸಬೇಕು.

ನಿಮ್ಮದು ಒಳಗಿನ ಆಡಿಟ್ ಆಗಿದ್ದರೂ ಆ ತತ್ವ ಬಿಡಬೇಡಿ. ಪ್ರೆಸ್ ಶಾಪಿನವರು ಪೇಂಟ್ ಶಾಪ್ ನೋಡಲಿ, ಪೇಂಟಿನವರು ಸ್ಟೋರ್ಸ್ ನೋಡಲಿ. ತನ್ನ ಮನೆಯ ಮೂಲೆಯ ಜೇಡರ ಬಲೆ ತನಗೆ ಕಾಣುವುದಿಲ್ಲ. ಮೂರು ಜನರ ತಂಡ ಸಾಕು: ಒಬ್ಬರು ಸೇಫ್ಟಿ, ಒಬ್ಬರು ಮೇಂಟೆನೆನ್ಸ್ ಗೊತ್ತಿರುವವರು, ಒಬ್ಬರು ಕಾರ್ಮಿಕರ ಕಡೆಯವರು. ಮೂರನೆಯವರನ್ನು ಬಿಟ್ಟರೆ ಅರ್ಧ ವಿಷಯ ನಿಮಗೆ ಸಿಗುವುದೇ ಇಲ್ಲ.

ದಿನ ಆರಿಸುವುದಕ್ಕೂ ಒಂದು ಉಪಾಯವಿದೆ. ಆಯುಧಪೂಜೆ ಮುಗಿದ ವಾರ ಹೋಗಿ. ಹಬ್ಬಕ್ಕೆ ಎಲ್ಲ ಮಷೀನ್ ತೊಳೆದು ಒರೆಸಿರುತ್ತಾರೆ. ತೊಳೆಯಲು ಗಾರ್ಡ್ ಬಿಚ್ಚಿರುತ್ತಾರೆ. ಕುಂಕುಮ, ಹೂವು, ಬಾಳೆಕಂದು ಎಲ್ಲ ಇರುತ್ತವೆ. ಬಿಚ್ಚಿದ ಗಾರ್ಡ್ ಮಾತ್ರ ಇನ್ನೂ ಗೋಡೆಗೆ ಒರಗಿಕೊಂಡಿರುತ್ತದೆ.

ಮೊದಲು ಕಾಗದ, ಆದರೆ ಅರ್ಧ ದಿನ ಮಾತ್ರ

ಒಂದು ವಾರ ಮುಂಚೆ ಈ ದಾಖಲೆಗಳನ್ನು ಕೇಳಿ: ಹಿಂದಿನ ಆಡಿಟ್ ರಿಪೋರ್ಟ್, ಅಪಘಾತ ಮತ್ತು ನಿಯರ್ ಮಿಸ್ (ಕೂದಲೆಳೆಯಲ್ಲಿ ತಪ್ಪಿದ ಅಪಘಾತ) ರಿಜಿಸ್ಟರ್, ಸೇಫ್ಟಿ ಕಮಿಟಿ ಸಭೆಯ ನಡಾವಳಿ, ಅಪಾಯದ ಕೆಲಸಕ್ಕೆ ಕೊಟ್ಟ ಕಳೆದ ಮೂರು ತಿಂಗಳ ಪರ್ಮಿಟ್‌ಗಳು, ಕ್ರೇನ್ ಮತ್ತು ಪ್ರೆಷರ್ ವೆಸಲ್ ಪರೀಕ್ಷೆಯ ಸರ್ಟಿಫಿಕೇಟ್, ಆರೋಗ್ಯ ತಪಾಸಣೆ ವರದಿ, ಕಾಂಟ್ರಾಕ್ಟ್ ಕೆಲಸಗಾರರ ಪಟ್ಟಿ.

ಕಾಗದ ಓದುವಾಗ ಏನಿದೆ ಅನ್ನುವುದಕ್ಕಿಂತ ಏನಿಲ್ಲ ಅನ್ನುವುದನ್ನು ನೋಡಿ. ನಿಯರ್ ಮಿಸ್ ರಿಜಿಸ್ಟರ್ ವರ್ಷವಿಡೀ ಖಾಲಿ ಇದ್ದರೆ ಆ ಕಾರ್ಖಾನೆ ಸುರಕ್ಷಿತ ಅಂತಲ್ಲ, ಅಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ ಅಂತ. ಪರ್ಮಿಟ್‌ಗಳಲ್ಲಿ ಕೈಬರಹ ನೋಡಿ. ಹತ್ತು ಹಾಟ್ ವರ್ಕ್ (ವೆಲ್ಡಿಂಗ್‌ನಂಥ ಕಿಡಿ ಹಾರುವ ಕೆಲಸ) ಪರ್ಮಿಟ್, ಹತ್ತಕ್ಕೂ ಒಂದೇ ಪೆನ್ನು, ಒಂದೇ ಸಹಿ, ಎಲ್ಲದಕ್ಕೂ ಬೆಳಗ್ಗೆ 9 ಗಂಟೆ? ಯಾರೋ ಕೂತು ಒಟ್ಟಿಗೆ ತುಂಬಿದ್ದಾರೆ. ಪ್ರಥಮ ಚಿಕಿತ್ಸೆ ರಿಜಿಸ್ಟರಿನಲ್ಲಿ ಬೆರಳಿಗೆ ಗಾಯ ಅಂತ ಎಂಟು ಸಲ ಇದ್ದು, ಅಪಘಾತ ರಿಜಿಸ್ಟರಿನಲ್ಲಿ ಒಂದೂ ಇಲ್ಲದಿದ್ದರೆ ಮೊದಲು ಎಲ್ಲಿಗೆ ಹೋಗಬೇಕು ಅಂತ ನಿಮಗೆ ಗೊತ್ತಾಯಿತು.

ಆಮೇಲೆ ಐದಾರು ಕಾಗದ ಆರಿಸಿಕೊಳ್ಳಿ. ಒಂದು ಕ್ರೇನ್ ಸರ್ಟಿಫಿಕೇಟ್, ಒಂದು ಟ್ರೈನಿಂಗ್ ಹಾಜರಿ, ಒಂದು ಪರ್ಮಿಟ್, ಹೋದ ಸಲದ "ಕ್ಲೋಸ್ಡ್" ಆದ ಎರಡು ಪಾಯಿಂಟ್. ಇವನ್ನು ಜೇಬಿನಲ್ಲಿಟ್ಟುಕೊಂಡು ನೆಲದ ಮೇಲೆ ಹುಡುಕಬೇಕು. ಟ್ರೈನಿಂಗ್ ಹಾಜರಿಯಲ್ಲಿ ಸಹಿ ಮಾಡಿದವರನ್ನು ಹುಡುಕಿ, "ಆವತ್ತು ಏನು ಹೇಳಿಕೊಟ್ಟರು?" ಅಂತ ಕೇಳಿ. ಒಬ್ಬರು ನನಗೆ "ಬಿಸ್ಕತ್ತು ಚೆನ್ನಾಗಿತ್ತು ಸರ್" ಅಂದಿದ್ದರು.

ಓಪನಿಂಗ್ ಮೀಟಿಂಗ್

20 ನಿಮಿಷಕ್ಕಿಂತ ಜಾಸ್ತಿ ಬೇಡ. ಎರಡು ಮಾತು ಸ್ಪಷ್ಟವಾಗಿ ಹೇಳಿ. ಯಾರ ಹೆಸರೂ ರಿಪೋರ್ಟಿನಲ್ಲಿ ಬರುವುದಿಲ್ಲ. ಆದರೆ ಜೀವಕ್ಕೆ ಅಪಾಯ ಕಂಡರೆ ಆ ಕೆಲಸವನ್ನು ಅಲ್ಲೇ ನಿಲ್ಲಿಸಲು ಹೇಳುತ್ತೇವೆ. ಎರಡನೆಯದಕ್ಕೆ ಮ್ಯಾನೇಜರ್ ಬಾಯಿಂದ ಎಲ್ಲರೆದುರು "ಹೂಂ" ಅನ್ನಿಸಿಕೊಳ್ಳಿ. ಆಮೇಲೆ ಜಗಳ ಇರುವುದಿಲ್ಲ. ಪಿಪಿಟಿ ತೋರಿಸುತ್ತೇವೆ ಅಂದರೆ ನಯವಾಗಿ ಬೇಡ ಅನ್ನಿ.

ಮಾಲು ಹೋಗುವ ದಾರಿಯಲ್ಲೇ ನಡೆಯಿರಿ

ಅವರು ಕರೆದುಕೊಂಡು ಹೋದಲ್ಲೆಲ್ಲ ಹೋದರೆ ಬಣ್ಣ ಬಳಿದ ಜಾಗಗಳಷ್ಟೇ ಕಾಣುತ್ತವೆ. ಗೇಟಿನಲ್ಲಿ ಲಾರಿ ಬರುವ ಜಾಗದಿಂದ ಶುರುಮಾಡಿ. ಶೀಟ್ ಇಳಿಯುವುದು, ಸ್ಟೋರ್ಸ್, ಕಟಿಂಗ್, ಪ್ರೆಸ್, ವೆಲ್ಡಿಂಗ್, ಪೇಂಟ್, ಪ್ಯಾಕಿಂಗ್, ಕೊನೆಗೆ ಸ್ಕ್ರ್ಯಾಪ್ ಯಾರ್ಡ್ ಮತ್ತು ಇಟಿಪಿ. ಮಾಲು ಹೋದ ಕಡೆ ನೀವೂ ಹೋಗಿ. ಸ್ಕ್ರ್ಯಾಪ್ ಯಾರ್ಡ್ ಬಿಡಲೇಬೇಡಿ. ಬೇಡವಾದ ವಸ್ತುವಿನ ಜೊತೆ ಬೇಡವಾದ ಅಪಾಯವೂ ಅಲ್ಲೇ ಬಿದ್ದಿರುತ್ತದೆ.

ಸ್ಟೋರ್ಸಿನಲ್ಲಿ ಪೇರಿಸಿಟ್ಟದ್ದನ್ನು ಕತ್ತೆತ್ತಿ ನೋಡಿ. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಒಂದು ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲಗಳ ರಾಶಿ ಕುಸಿದು ಬಿಹಾರದಿಂದ ಬಂದಿದ್ದ 7 ಕಾರ್ಮಿಕರು ಸತ್ತರು. ಅಲ್ಲಿ ವಿಷಾನಿಲವೂ ಇರಲಿಲ್ಲ, ಬೆಂಕಿಯೂ ಇರಲಿಲ್ಲ. ಬರೀ ಜೋಳ.

ಪ್ರತಿ ಮಷೀನಿನ ಮುಂದೆ ಎರಡು ನಿಮಿಷ ಸುಮ್ನೆ ನಿಂತು ನೋಡಿ. ಪೆನ್ನು ತೆಗೆಯಬೇಡಿ. ಕೈ ಎಲ್ಲಿಗೆ ಹೋಗುತ್ತಿದೆ? ಪೀಸ್ ಸಿಕ್ಕಿಹಾಕಿಕೊಂಡರೆ ಹೇಗೆ ತೆಗೆಯುತ್ತಾರೆ? ಮಷೀನ್ ನಿಲ್ಲಿಸಿಯೋ, ಓಡುತ್ತಿರುವಾಗಲೋ? ಆಪರೇಟರುಗಳು ಮೊದಲ ನಿಮಿಷ ನಿಮಗಾಗಿ ಕೆಲಸ ಮಾಡುತ್ತಾರೆ. ಎರಡನೇ ನಿಮಿಷಕ್ಕೆ ಅಭ್ಯಾಸ ವಾಪಸ್ ಬರುತ್ತದೆ.

ಒಂದು ಮಷೀನನ್ನು ಹತ್ತಿರದಿಂದ ನೋಡೋಣ. ಮೂಲೆಯಲ್ಲಿ ಯಾರಿಗೂ ಬೇಡವಾಗಿ ನಿಂತಿರುವ ಪೆಡೆಸ್ಟಲ್ ಗ್ರೈಂಡರ್. ಎಲ್ಲರೂ ಬಳಸುತ್ತಾರೆ, ಯಾರದ್ದೂ ಅಲ್ಲ. ಮೊದಲು ಸ್ವಿಚ್ ಆಫ್ ಮಾಡಿಸಿ, ಲಾಕ್ ಹಾಕಿಸಿ. ಕಲ್ಲಿಗೂ ಪೀಸ್ ಊರಿ ಹಿಡಿಯುವ ಟೂಲ್ ರೆಸ್ಟಿಗೂ ನಡುವೆ ಸಂದಿ 3 ಮಿ.ಮೀ. ದಾಟಬಾರದು. ದಾಟಿದರೆ ಪೀಸ್ ಒಳಗೆ ಎಳೆದುಕೊಂಡು ಹೋಗಿ ಕಲ್ಲು ಒಡೆಯುತ್ತದೆ. ಮೇಲಿನ ನಾಲಿಗೆ ಗಾರ್ಡಿಗೂ ಕಲ್ಲಿಗೂ 6 ಮಿ.ಮೀ. ಒಳಗೆ ಇರಬೇಕು. ಕಲ್ಲು ಸವೆದ ಹಾಗೆ ಈ ಎರಡೂ ಸಂದಿ ದೊಡ್ಡದಾಗುತ್ತವೆ, ಆದ್ದರಿಂದ ಆಗಾಗ ಸರಿಪಡಿಸುತ್ತಿರಬೇಕು. ಕಲ್ಲಿನ ಮೇಲೆ ಬರೆದಿರುವ ಗರಿಷ್ಠ ಆರ್‌ಪಿಎಂ ಮೋಟಾರಿನದ್ದಕ್ಕಿಂತ ಜಾಸ್ತಿ ಇದೆಯಾ ನೋಡಿ. ಹೊಸ ಕಲ್ಲು ಹಾಕುವ ಮೊದಲು ಅದನ್ನು ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾರಾ ಅಂತ ಕೇಳಿ. ಚೆನ್ನಾಗಿರುವ ಕಲ್ಲು ಗಂಟೆಯ ಹಾಗೆ ಸದ್ದು ಮಾಡುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯ ಹಾಗೆ. ಮಾರುಕಟ್ಟೆಯಲ್ಲಿ ಅಜ್ಜಿ ಮಡಕೆ ತಟ್ಟಿ ಕೊಳ್ಳುತ್ತಿದ್ದರಲ್ಲ, ಅದೇ ಪರೀಕ್ಷೆ.

ಹ್ಯಾಂಡ್ ಗ್ರೈಂಡರ್‌ಗಳಲ್ಲಿ ಗಾರ್ಡ್ ಇಲ್ಲದಿದ್ದರೆ ಯಾಕೆ ಅಂತ ಕೇಳಿ. ಬಹಳ ಸಲ ಉತ್ತರ ಒಂದೇ: 4 ಇಂಚಿನ ಮಷೀನಿಗೆ 5 ಇಂಚಿನ ಡಿಸ್ಕ್ ಕೂರಿಸಲು ಗಾರ್ಡ್ ಅಡ್ಡ ಬರುತ್ತಿತ್ತು. ಅಂದರೆ ತಪ್ಪು ಆಪರೇಟರ್ ಹತ್ತಿರ ನಿಲ್ಲಲಿಲ್ಲ, ಸ್ಟೋರ್ಸ್ ಖರೀದಿಯವರೆಗೆ ಹೋಯಿತು. ಈ ಥರ ದಾರ ಹಿಡಿದು ಹಿಂದೆ ಹೋಗುವುದೇ ಆಡಿಟ್‌ನ ನಿಜವಾದ ಕೆಲಸ.

ಎತ್ತುವ ಸಾಮಾನು ನೋಡುವಾಗ ಸರ್ಟಿಫಿಕೇಟಿನ ನಂಬರನ್ನು ವಸ್ತುವಿನ ಮೇಲೆ ಹುಡುಕಿ. ಕ್ರೇನ್, ಚೈನ್, ಸ್ಲಿಂಗ್‌ಗಳಿಗೆ ಕನಿಷ್ಠ 12 ತಿಂಗಳಿಗೊಮ್ಮೆ, ಲಿಫ್ಟ್ ಮತ್ತು ಹಾಯ್ಸ್ಟ್‌ಗೆ 6 ತಿಂಗಳಿಗೊಮ್ಮೆ ಸಮರ್ಥ ವ್ಯಕ್ತಿಯಿಂದ ಪರೀಕ್ಷೆ ಅನ್ನುವುದು 1948ರ ಕಾಯ್ದೆಯಿಂದ ಬಂದ ರೂಢಿ. ಸರ್ಟಿಫಿಕೇಟಿನಲ್ಲಿ 14 ಸ್ಲಿಂಗ್ ಇದ್ದು ನೆಲದ ಮೇಲೆ 19 ಸಿಕ್ಕರೆ ಉಳಿದ ಐದು ಎಲ್ಲಿಂದ ಬಂದವು?

ಎಲೆಕ್ಟ್ರಿಕಲ್ ವಿಷಯ ಬೇಗ ಮುಗಿಸಬಹುದು. ಪ್ಯಾನೆಲ್ ಮುಂದೆ ಸಾಮಾನು ಪೇರಿಸಿದ್ದಾರಾ, ಪ್ಲಗ್ ಇಲ್ಲದೆ ವೈರನ್ನೇ ಸಾಕೆಟ್‌ಗೆ ತುರುಕಿ ಕಡ್ಡಿ ಸಿಕ್ಕಿಸಿದ್ದಾರಾ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗುತ್ತದಾ. ಒತ್ತುವ ಮೊದಲು ಆ ಲೈನಿನಲ್ಲಿ ಏನು ಓಡುತ್ತಿದೆ ಅಂತ ಕೇಳಿ, ಇಲ್ಲದಿದ್ದರೆ ಪ್ರೊಡಕ್ಷನ್ ಮ್ಯಾನೇಜರ್ ನಿಮ್ಮನ್ನು ಬಿಡುವುದಿಲ್ಲ.

ಬೆಂಕಿ ನಂದಿಸುವ ಸಿಲಿಂಡರ್ ಯಾವುದೇ ಜಾಗದಿಂದ 15 ಮೀಟರ್ ಒಳಗೆ ಸಿಗಬೇಕು. ನಕ್ಷೆಯಲ್ಲಿ ಅಳೆಯಬೇಡಿ, ನಡೆದು ಅಳೆಯಿರಿ. ನಡುವೆ ಪ್ಯಾಲೆಟ್ ಇದ್ದರೆ ಸುತ್ತಿ ಹೋಗಬೇಕಲ್ಲ. ಎಮರ್ಜೆನ್ಸಿ ಬಾಗಿಲನ್ನು ಕೈಯಿಂದ ತಳ್ಳಿ ನೋಡಿ. "ಬೀಗದ ಕೈ ಸೆಕ್ಯೂರಿಟಿ ಹತ್ತಿರ ಇದೆ" ಅಂದರೆ ಅದು ಬಾಗಿಲಲ್ಲ, ಗೋಡೆ.

ಇಟಿಪಿ, ಟ್ಯಾಂಕ್, ಗುಂಡಿ: ಇಲ್ಲಿ ನಿಧಾನವಾಗಿ

2022ರ ಏಪ್ರಿಲ್‌ನಲ್ಲಿ ಮಂಗಳೂರು ಬಳಿಯ ಬಜ್ಪೆಯಲ್ಲಿ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಟ್ಯಾಂಕ್‌ಗೆ ಒಬ್ಬ ಕಾರ್ಮಿಕ ಇಳಿದು ಬಿದ್ದ. ಅವನನ್ನು ಎತ್ತಲು ಇನ್ನೊಬ್ಬ ಇಳಿದ. ಹೀಗೇ ಒಬ್ಬರ ಹಿಂದೆ ಒಬ್ಬರು. ಕೊನೆಗೆ ಪಶ್ಚಿಮ ಬಂಗಾಳದಿಂದ ಬಂದಿದ್ದ ಐವರು ಸತ್ತರು. ಮುಚ್ಚಿದ ಜಾಗದ ಸಾವುಗಳು ಬಹಳ ಸಲ ಹೀಗೇ. ಬಿದ್ದವರ ಜೊತೆ ಎತ್ತಲು ಹೋದವರೂ ಸಾಯುತ್ತಾರೆ.

ಹಾಗಾಗಿ ಮೊದಲು ಎಣಿಸಿ. ಈ ಸೈಟಿನಲ್ಲಿ ಮನುಷ್ಯ ಇಳಿಯಬಹುದಾದ ಎಷ್ಟು ಗುಂಡಿ, ಟ್ಯಾಂಕ್, ಸಂಪ್, ಡಕ್ಟ್ ಇವೆ? ಅವರ ಪಟ್ಟಿಯಲ್ಲಿ ನಾಲ್ಕಿದ್ದರೆ ನಿಮಗೆ ಏಳೆಂಟು ಸಿಗುತ್ತವೆ. ಆಮೇಲೆ ಗ್ಯಾಸ್ ಡಿಟೆಕ್ಟರ್ ಕೇಳಿ. "ಇದೆ" ಅನ್ನುತ್ತಾರೆ. ಆನ್ ಮಾಡಿಸಿ. ಚಾರ್ಜ್ ಇದೆಯಾ? ಕೊನೆಯ ಕ್ಯಾಲಿಬ್ರೇಷನ್ ಯಾವಾಗ? ಆಮ್ಲಜನಕ 19.5 ಶೇಕಡಕ್ಕಿಂತ ಕಡಿಮೆ ಇದ್ದರೆ, 23.5ಕ್ಕಿಂತ ಜಾಸ್ತಿ ಇದ್ದರೆ ಇಳಿಯುವಂತಿಲ್ಲ ಅನ್ನುವುದು ಬಳಸುವವರ ಬಾಯಲ್ಲಿ ಬರಬೇಕು, ಪೋಸ್ಟರಿನಲ್ಲಿದ್ದರೆ ಸಾಲದು. ಮೇಲೆ, ನಡುವೆ, ತಳದಲ್ಲಿ, ಮೂರು ಕಡೆ ಅಳೆಯಬೇಕು. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದು ಆಮೇಲೆ ನಿಂತುಹೋದರೆ ಗ್ಯಾಸ್ ಹೋಯಿತು ಅಂತಲ್ಲ, ಮೂಗು ಸತ್ತಿದೆ ಅಂತ. ಒಳಗೆ ಒಯ್ಯುವ ಹ್ಯಾಂಡ್ ಲ್ಯಾಂಪ್ 24 ವೋಲ್ಟ್ ಮೀರಬಾರದು.

ಕೊನೆಯ ಪ್ರಶ್ನೆಯನ್ನು ಹೆಲ್ಪರ್‌ಗೆ ಕೇಳಿ, ಆಫೀಸರ್‌ಗಲ್ಲ. "ನಿಮ್ಮ ಜೊತೆಗಾರ ಒಳಗೆ ಬಿದ್ದರೆ ಏನು ಮಾಡುತ್ತೀರಿ?" "ಇಳಿದು ಎತ್ತುತ್ತೇನೆ" ಅನ್ನುವ ಉತ್ತರ ಬಂದರೆ ಆಡಿಟ್‌ನ ಮೊದಲ ಪಾಯಿಂಟ್ ಅದೇ. ಟ್ರೈಪಾಡ್, ಹಾರ್ನೆಸ್, ಹಗ್ಗ ಎಲ್ಲಿದೆ ಅಂತ ತೋರಿಸಲು ಹೇಳಿ, ಗಡಿಯಾರ ನೋಡಿಕೊಳ್ಳಿ.

ಆರೋಗ್ಯದ ಅರ್ಧ

ಸೇಫ್ಟಿ ಆಡಿಟ್ ಅಂತ ಹೋಗಿ ಹೆಲ್ತ್ ಮರೆಯುವವರೇ ಜಾಸ್ತಿ. ಬೆರಳು ತುಂಡಾದರೆ ಅವತ್ತೇ ಗೊತ್ತಾಗುತ್ತದೆ. ಕಿವಿ, ಶ್ವಾಸಕೋಶ ಹೋಗುವುದು ಹತ್ತು ವರ್ಷ ತಗೊಳ್ಳುತ್ತದೆ, ಆಗ ಆ ಮನುಷ್ಯ ಬೇರೆ ಕಂಪನಿಯಲ್ಲಿರುತ್ತಾರೆ.

ಒಂದು ಕೈಯಳತೆ ದೂರದಲ್ಲಿ ನಿಂತವರ ಹತ್ತಿರ ಕೂಗಿ ಮಾತಾಡಬೇಕಾದರೆ ಶಬ್ದ 85 ಡೆಸಿಬೆಲ್ ದಾಟಿದೆ ಅಂದುಕೊಳ್ಳಿ. ಆಮೇಲೆ ಮೀಟರ್ ಇಟ್ಟು ಅಳೆಯಿರಿ. ಮೊಬೈಲ್ ಆ್ಯಪ್ ಅಂದಾಜಿಗೆ ಸರಿ, ರಿಪೋರ್ಟಿಗೆ ಅಲ್ಲ. ನಮ್ಮ ನಿಯಮದಲ್ಲಿ 8 ಗಂಟೆಗೆ 90 ಡೆಸಿಬೆಲ್, 4 ಗಂಟೆಗೆ 95, 2 ಗಂಟೆಗೆ 100. ಓವರ್‌ಟೈಮ್ ಮಾಡಿ 12 ಗಂಟೆ ನಿಲ್ಲುವವರಿಗೆ 8 ಗಂಟೆಯ ಲೆಕ್ಕ ಹೇಳಬೇಡಿ. ಆಡಿಯೋಮೆಟ್ರಿ (ಕಿವಿ ಪರೀಕ್ಷೆ) ವರದಿಗಳಿದ್ದರೆ ಒಬ್ಬೊಬ್ಬರದ್ದೂ ಮೂರು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. ಬಹಳ ಕಡೆ ತಪಾಸಣೆ ಆಗಿರುತ್ತದೆ, ಯಾರೂ ಓದಿರುವುದಿಲ್ಲ.

ಬೆಳಗಾವಿ ಕಡೆಯ ಫೌಂಡ್ರಿಗಳಂಥ ಜಾಗದಲ್ಲಿ ಶ್ವಾಸಕೋಶ ಹಾಳುಮಾಡುವ ಸಿಲಿಕಾ (ಮರಳಿನ) ದೂಳೇ ಮುಖ್ಯ. ಶಿಫ್ಟ್ ಮುಗಿಯುವಾಗ ಹೋಗಿ ನಿಲ್ಲಿ. ಒಣ ಪೊರಕೆಯಿಂದ ಗುಡಿಸುತ್ತಾರಾ? ಏರ್ ಹೋಸ್ ಹಿಡಿದು ಬಟ್ಟೆಯ ದೂಳು ಹಾರಿಸಿಕೊಳ್ಳುತ್ತಾರಾ? ಎರಡನೆಯದು ನಮ್ಮಲ್ಲಿ ಸ್ನಾನದಷ್ಟೇ ಸಹಜ ಆಗಿಬಿಟ್ಟಿದೆ. ವ್ಯಾಕ್ಯೂಮ್ ಕೊಡಿಸದೆ "ಹಾಗೆ ಮಾಡಬೇಡಿ" ಅಂದರೆ ಕೇಳುವವರು ಯಾರು?

ಇನ್ನೊಂದು ಜಾಗ ಟಾಯ್ಲೆಟ್. ಹೋಗಿ ನೋಡಿ. ವರ್ಕರ್ಸ್ ಟಾಯ್ಲೆಟ್, ಆಫೀಸಿನದ್ದಲ್ಲ. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದಾರಾ ಅಂತ ತಂಡದ ಹೆಣ್ಣುಮಗಳಿಂದ ಕೇಳಿಸಿ. ಫಸ್ಟ್ ಏಡ್ ಡಬ್ಬಿ ತೆರೆದು ಡೇಟ್ ನೋಡಿ. 150 ಜನಕ್ಕೆ ಒಂದು ಅನ್ನುವ ಲೆಕ್ಕ ಸರಿ ಇರಬಹುದು, ಒಳಗೆ ಇರುವುದು ಎರಡು ಬ್ಯಾಂಡೇಜ್ ಮತ್ತು ಯಾರದೋ ಬೈಕ್ ಕೀ.

ಜನರನ್ನು ಮಾತಾಡಿಸುವುದು

ಮಷೀನ್ ಹತ್ತಿರ, ಸೂಪರ್‌ವೈಸರ್ ದೂರ ಇರುವಾಗ ಮಾತಾಡಿ. "ಸೇಫ್ಟಿ ರೂಲ್ಸ್ ಗೊತ್ತಾ?" ಅಂತ ಕೇಳಿದರೆ ಎಲ್ಲರೂ "ಗೊತ್ತು ಸರ್" ಅನ್ನುತ್ತಾರೆ. ಬದಲಿಗೆ "ಈ ಕೆಲಸದಲ್ಲಿ ನಿಮಗೆ ಹೆದರಿಕೆ ಆಗುವ ಹೊತ್ತು ಯಾವುದು?" ಅಂತ ಕೇಳಿ. "ಹೊಸಬರು ಬಂದರೆ ಮೊದಲು ಏನು ಹೇಳಿಕೊಡುತ್ತೀರಿ?" ಇದೂ ಒಳ್ಳೆಯ ಪ್ರಶ್ನೆ.

ಭಾಷೆ ಮರೆಯಬೇಡಿ. ಬೋರ್ಡು ಇಂಗ್ಲಿಷಿನಲ್ಲಿ, ಟ್ರೈನಿಂಗ್ ಕನ್ನಡದಲ್ಲಿ, ಕೆಲಸಗಾರರು ಒಡಿಶಾ, ಬಿಹಾರದವರು. ಹೀಗಿದ್ದರೆ ಟ್ರೈನಿಂಗ್ ಆಗಿಲ್ಲ ಅಂತಲೇ ಬರೆಯಿರಿ. ರಾತ್ರಿ ಶಿಫ್ಟಿಗೆ ಒಂದು ಸಲವಾದರೂ ಹೋಗಿ, 2 ಗಂಟೆ ಸುಮಾರಿಗೆ. ಹಗಲು ಕಾಣುವ ಅರ್ಧ ಜನ ಆಗ ಇರುವುದಿಲ್ಲ, ಮಷೀನ್ ಮಾತ್ರ ಅಷ್ಟೇ ಇರುತ್ತವೆ.

ಬರೆಯುವುದು

"ಹೌಸ್‌ಕೀಪಿಂಗ್ ಸುಧಾರಿಸಬೇಕು." ಇಂಥ ಸಾಲು ಬರೆದರೆ ಮುಂದಿನ ವರ್ಷವೂ ಅದನ್ನೇ ಬರೆಯುತ್ತೀರಿ. ಪ್ರತಿ ಪಾಯಿಂಟಿನಲ್ಲಿ ನಾಲ್ಕು ಇರಲಿ: ಎಲ್ಲಿ, ಏನು ಕಂಡಿರಿ, ಏನಾಗಬಹುದು, ಯಾಕೆ ಹೀಗಾಯಿತು. ಆ ಪ್ರೆಸ್ಸಿನ ಬಗ್ಗೆ ನಾನು ಬರೆದದ್ದು ಹೀಗೆ:

"ಪ್ರೆಸ್ ಶಾಪ್, 63 ಟನ್, ನಂಬರ್ 4. ಬಲಗಡೆ ಬಟನ್ ಬೆಂಕಿಕಡ್ಡಿಯಿಂದ ಒತ್ತಿ ಹಿಡಿದಿದೆ. ಒಂದು ಕೈಯಿಂದ ಪ್ರೆಸ್ ಓಡುತ್ತದೆ, ಇನ್ನೊಂದು ಕೈ ಡೈ ಒಳಗಿರುತ್ತದೆ. ಕೈ ಕಳೆದುಕೊಳ್ಳುವ ಅಪಾಯ. ಕಾರಣ: ಗಂಟೆಗೆ 420 ಪೀಸ್ ಟಾರ್ಗೆಟ್, ಎರಡು ಕೈ ಬಳಸಿದರೆ 350 ದಾಟುವುದಿಲ್ಲ. ಬಟನ್ ಒತ್ತಿಯೇ ಇದ್ದರೂ ಪ್ರೆಸ್ ಓಡಲು ಬಿಡುವ ಹಳೇ ಸರ್ಕ್ಯೂಟ್. ಕೆಲಸ ನಿಲ್ಲಿಸಲಾಗಿದೆ."

ಎಷ್ಟು ಸಂಭವ, ಎಷ್ಟು ಗಂಭೀರ ಅಂತ ಐದಕ್ಕೆ ಐದು ಗುಣಿಸುವ ರಿಸ್ಕ್ ಮ್ಯಾಟ್ರಿಕ್ಸ್ ಬೇಕಾದರೆ ಹಾಕಿ. ನನಗೆ ಮೂರೇ ಬಣ್ಣ ಸಾಕು. ಈಗಲೇ ನಿಲ್ಲಿಸುವುದು, ಒಂದು ವಾರದೊಳಗೆ, ಮೂರು ತಿಂಗಳೊಳಗೆ. ಪರಿಹಾರ ಬರೆಯುವಾಗ ಮೊದಲು ಅಪಾಯವನ್ನೇ ತೆಗೆಯಬಹುದಾ ನೋಡಿ. ಆಗದಿದ್ದರೆ ಕಡಿಮೆ ಅಪಾಯದ್ದು ತರಬಹುದಾ, ಅದೂ ಆಗದಿದ್ದರೆ ಗಾರ್ಡ್, ಗಾರ್ಡ್ ತೆರೆದರೆ ಮಷೀನ್ ನಿಲ್ಲಿಸುವ ಇಂಟರ್‌ಲಾಕ್. ಆಮೇಲೆ ನಿಯಮ, ಟ್ರೈನಿಂಗ್. ಗ್ಲೌಸ್, ಹೆಲ್ಮೆಟ್‌ನಂಥ ಪಿಪಿಇ (ಮೈಗೆ ಹಾಕುವ ರಕ್ಷಣೆ) ಕೊನೆಗೆ. ಎಲ್ಲ ಪಾಯಿಂಟಿಗೂ "ಪಿಪಿಇ ಕೊಡಿ" ಅಂತ ಬರೆದ ರಿಪೋರ್ಟ್ ಸೋಮಾರಿ ರಿಪೋರ್ಟ್. ಚೆನ್ನಾಗಿ ಮಾಡಿದ್ದನ್ನೂ ಬರೆಯಿರಿ, ಆದರೆ ಪುಟ ತುಂಬಿಸಲು ಅಲ್ಲ.

80 ಪಾಯಿಂಟ್ ಕಂಡರೂ ಮೊದಲ ಪುಟದಲ್ಲಿ ಐದೇ ಇರಲಿ. ಮಾಲೀಕರು ಓದುವುದು ಆ ಪುಟವನ್ನಷ್ಟೇ. ಪ್ರತಿ ಪಾಯಿಂಟಿನ ಮುಂದೆ ಒಬ್ಬರ ಹುದ್ದೆ, ಒಂದು ತಾರೀಖು. "ಎಲ್ಲರೂ, ಆದಷ್ಟು ಬೇಗ" ಅಂದರೆ ಯಾರೂ ಇಲ್ಲ, ಯಾವತ್ತೂ ಇಲ್ಲ.

ಕ್ಲೋಸ್ ಮಾಡುವುದು

1982ರ ಮೇ ತಿಂಗಳಲ್ಲಿ ಅಮೆರಿಕದ ಮಾತೃಸಂಸ್ಥೆಯ ತಂಡ ಬಂದು ಭೋಪಾಲ್‌ನ ಯೂನಿಯನ್ ಕಾರ್ಬೈಡ್ ಘಟಕವನ್ನು ಪರಿಶೀಲಿಸಿತ್ತು. ದೋಷಗಳ ಪಟ್ಟಿ ಮಾಡಿತ್ತು, ವಿಷಕಾರಿ ವಸ್ತು ಸೋರಬಹುದು ಅಂತಲೂ ಹೇಳಿತ್ತು. 1984ರ ಡಿಸೆಂಬರ್ 2–3ರ ರಾತ್ರಿ ಅನಿಲ ಸೋರಿದಾಗ ಟ್ಯಾಂಕ್ ತಣ್ಣಗಿಡುವ ಶೀತಲೀಕರಣ ವ್ಯವಸ್ಥೆ ಬಂದ್ ಆಗಿತ್ತು, ಅನಿಲ ಉರಿಸಿಬಿಡಬೇಕಾದ ಫ್ಲೇರ್ ಟವರ್‌ನ ಪೈಪ್ ಬಿಚ್ಚಿಟ್ಟಿದ್ದರು. ಆಡಿಟ್ ಆಗಿರಲಿಲ್ಲ ಅಂತ ಯಾರೂ ಹೇಳುವಂತಿಲ್ಲ.

ಅದಕ್ಕೇ ಆಡಿಟ್‌ನ ಅರ್ಧ ಕೆಲಸ ರಿಪೋರ್ಟ್ ಕೊಟ್ಟ ಮೇಲೆ ಶುರುವಾಗುತ್ತದೆ. ಫೋಟೊ ನೋಡಿ ಪಾಯಿಂಟ್ ಕ್ಲೋಸ್ ಮಾಡಬೇಡಿ. ಫೋಟೊಗಾಗಿ ಗಾರ್ಡ್ ಹಾಕಿ, ತೆಗೆದ ಮೇಲೆ ಬಿಚ್ಚುವುದು ಹೊಸದೇನಲ್ಲ. ಹೇಳದೆ ಹೋಗಿ ಬೋಲ್ಟ್ ನೋಡಿ. ಗಾರ್ಡಿನ ನಾಲ್ಕು ಬೋಲ್ಟಿನಲ್ಲಿ ಒಂದೇ ಇದ್ದರೆ ಅದು ದಿನಾ ಬಿಚ್ಚುವ ಗಾರ್ಡ್. ದಿನಾ ಯಾಕೆ ಬಿಚ್ಚಬೇಕಾಗುತ್ತದೆ ಅಂತ ಕೇಳಿ, ಬಹುಶಃ ಗ್ರೀಸ್ ಹಾಕುವ ನಿಪ್ಪಲ್ ಅದರೊಳಗೆ ಇರುತ್ತದೆ. ನಿಪ್ಪಲ್‌ಗೆ ಪೈಪ್ ಹಾಕಿ ಹೊರಗೆ ತಂದರೆ ಗಾರ್ಡ್ ತಾನಾಗಿಯೇ ಉಳಿಯುತ್ತದೆ.

ಒಂದೂವರೆ ತಿಂಗಳ ಮೇಲೆ ಆ ಪ್ರೆಸ್ ಶಾಪಿಗೆ ಮತ್ತೆ ಹೋದೆ. ಹೊಸ ರಿಲೇ ಹಾಕಿದ್ದರು. ಪ್ರತಿ ಸ್ಟ್ರೋಕ್‌ಗೂ ಎರಡೂ ಬಟನ್ ಬಿಟ್ಟು ಮತ್ತೆ ಒತ್ತಿದರೆ ಮಾತ್ರ ಓಡುತ್ತಿತ್ತು. ಬೆಂಕಿಕಡ್ಡಿ ಇಟ್ಟೇ ಪರೀಕ್ಷೆ ಮಾಡಿಸಿದೆ, ಪ್ರೆಸ್ ಅಲ್ಲಾಡಲಿಲ್ಲ. ಆಪರೇಟರ್ ನಕ್ಕರು. ಗೋಡೆ ಮೇಲಿನ ಬೋರ್ಡಿನಲ್ಲಿ ಟಾರ್ಗೆಟ್ ಇನ್ನೂ 420 ಅಂತಲೇ ಇತ್ತು. ರಿಲೇ ಪಾಯಿಂಟ್ ಕ್ಲೋಸ್ ಮಾಡಿ, ಟಾರ್ಗೆಟ್ ಪಾಯಿಂಟ್ ಓಪನ್ ಇಟ್ಟು ಬಂದೆ.